ಮೀನಿನಿಂದ ಬಂದ ಹುಳುವೋ, ಹುಲ್ಲಿನಿಂದ ಬಂದ ಹುಳುವೋ: ಹಿನ್ನೀರಿನ ಊರುಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಆಲಮಟ್ಟಿ ಹಿನ್ನೀರು, ಹಿಡಕಲ್, ನವಿಲುತೀರ್ಥ, ಇಲ್ಲವೇ ಘಟಪ್ರಭೆಯ ಕಾಲುವೆ ದಂಡೆ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಮೀನು ಇದೆ, ಬಸವನಹುಳು ಇದೆ, ಮೇಯಲು ಬರುವ ಎಮ್ಮೆ ಕುರಿಗಳೂ ಇವೆ. ಇವೆಲ್ಲದರ ನಡುವೆ ಓಡಾಡುವ ಒಂದು ಜಾತಿಯ ಹುಳುಗಳಿವೆ. ಚಪ್ಪಟೆ ಮೈ, ಎಲೆಯ ಆಕಾರ. ಡಾಕ್ಟರುಗಳು ಫ್ಲೂಕ್ ಅನ್ನುತ್ತಾರೆ. ಇವುಗಳಲ್ಲಿ ಕೆಲವು ಪಿತ್ತನಾಳದಲ್ಲಿ, ಅಂದರೆ ಲಿವರಿನಿಂದ ಕರುಳಿಗೆ ಪಿತ್ತ ಇಳಿಯುವ ಕೊಳವೆಯಲ್ಲಿ, ಮನೆ ಮಾಡುತ್ತವೆ. ಕೆಲವು ಕರುಳಿನಲ್ಲಿ, ಕೆಲವು ಶ್ವಾಸಕೋಶದಲ್ಲಿ, ಒಂದು ಜಾತಿಯಂತೂ ದನದ ಮೂಗಿನಲ್ಲಿ ಇರುತ್ತದೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಮೀನಿನಿಂದ ಮನುಷ್ಯರಿಗೆ, ಬೆಕ್ಕಿಗೆ, ನಾಯಿಗೆ ಬರುವ ಹುಳು ಬೇರೆ. ಹುಲ್ಲಿನಿಂದ ಎಮ್ಮೆಗೆ, ಆಕಳಿಗೆ, ಕುರಿಗೆ ಬರುವ ಹುಳು ಬೇರೆ. ಎರಡೂ ಬಸವನಹುಳುವಿನ ಹೊಟ್ಟೆಯಲ್ಲೇ ಬೆಳೆಯುತ್ತವೆ. ಆಮೇಲೆ ಒಂದು ಹೋಗಿ ಮೀನಿನ ಮಾಂಸದಲ್ಲಿ ಕೂರುತ್ತದೆ, ಇನ್ನೊಂದು ನೀರಿನ ಅಂಚಿನ ಹುಲ್ಲಿಗೆ ಅಂಟುತ್ತದೆ. ಔಷಧಿಯೂ ಬೇರೆ ಬೇರೆ. ಒಂದಕ್ಕೆ ಹತ್ತುವ ಗುಳಿಗೆ ಇನ್ನೊಂದಕ್ಕೆ ಹತ್ತುವುದೇ ಇಲ್ಲ. ಅದಕ್ಕೇ ಅಂಗಡಿಗೆ ಹೋಗಿ "ಜಂತಿಂದು ಔಷಧ ಕೊಡ್ರಿ" ಅನ್ನುವ ಮೊದಲು ಯಾವ ಹುಳು, ಯಾವ ದಾರಿಯಿಂದ ಬಂತು ಅಂತ ತಿಳಿದುಕೊಳ್ಳಬೇಕು. ಈ ಬರಹ ಪೂರ್ತಿ ಅದರ ಬಗ್ಗೆಯೇ.

ಮೀನಿನ ಹುಳುವಿನ ಕಾಟ ಜಾಸ್ತಿ ಇರುವುದು ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ, ಚೀನಾ, ಕೊರಿಯಾ, ರಷ್ಯಾದ ಸೈಬೀರಿಯಾ ಕಡೆ. ಅಲ್ಲಿ ಹೊಳೆ ಮೀನನ್ನು ಹಸಿಯಾಗಿ, ಇಲ್ಲವೇ ಅರೆಬರೆ ಹುಳಿ ಹಾಕಿ ತಿನ್ನುವ ರೂಢಿ ಇದೆ. ನಮ್ಮ ದೇಶದಲ್ಲಿ ಇಂಥ ವರದಿ ಬಂದಿರುವುದು ಮುಖ್ಯವಾಗಿ ಈಶಾನ್ಯ ರಾಜ್ಯಗಳಿಂದ. ನಮ್ಮ ಕಡೆ ಮೀನನ್ನು ಸಾರಿನಲ್ಲಿ ಕುದಿಸಿ ತಿನ್ನುತ್ತೇವೆ, ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಇದು ದಿನನಿತ್ಯದ ಕಾಯಿಲೆ ಅಲ್ಲ. ಹುಲ್ಲಿನಿಂದ ಬರುವ ದನಗಳ ಲಿವರ್ ಹುಳು ಮಾತ್ರ ನೀರಿರುವ ಕಡೆಯೆಲ್ಲ ಬರುವ ತೊಂದರೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಇವು ಕಂಡರೆ ಓದುತ್ತಾ ಕೂರಬೇಡಿ

ಮನುಷ್ಯರಿಗೆ: ಕಣ್ಣು ಹಳದಿ ಆಗಿ ಅದರ ಜೊತೆ ಚಳಿ ಜ್ವರ ಮತ್ತು ಬಲಗಡೆ ಪಕ್ಕೆಯ ಕೆಳಗೆ ನೋವು, ಮೂರೂ ಕೂಡಿ ಬಂದರೆ ಪಿತ್ತನಾಳದಲ್ಲಿ ಸೋಂಕು ಆಗಿರಬಹುದು. ಮಾತು ತೊದಲುವುದು, ಗೊಂದಲ, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಇವೂ ಅಷ್ಟೇ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ.

ದನಗಳಿಗೆ: ಗಂಟಲು ಬಿಸಿಯಾಗಿ ಬಾತು, ಜೋರು ಜ್ವರ ಬಂದು, ಉಸಿರು ಕಟ್ಟುತ್ತಿದ್ದರೆ ಅದು ಗಳಲೆ ರೋಗ ಇರಬಹುದು. ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತದೆ. ಪಶು ಆಂಬುಲೆನ್ಸಿಗೆ 1962.

ದಿಢೀರನೆ ಸತ್ತ ದನ ಕುರಿಯ ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಬರುತ್ತಿದ್ದರೆ ಹೊಟ್ಟೆ ಕೊಯ್ದು ನೋಡಲು ಹೋಗಲೇಬೇಡಿ, ಚರ್ಮ ಸುಲಿಯಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಆಗಿದ್ದರೆ ಮನುಷ್ಯರಿಗೂ ಬರುತ್ತದೆ, ಆ ಜಾಗದ ಮಣ್ಣಿನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ.

"ನಿನ್ನೆ ಮೀನು ತಿಂದೆ, ಇವತ್ತು ಹೊಟ್ಟೆ ಕೆಟ್ಟಿದೆ"

ಇದು ಚಪ್ಪಟೆ ಹುಳು ಅಲ್ಲ. ಹುಳು ಒಳಗೆ ಹೋಗಿ ಪಿತ್ತನಾಳ ಸೇರಿ, ದೊಡ್ಡದಾಗಿ ಮೊಟ್ಟೆ ಇಡಲು ಮೂರು ನಾಲ್ಕು ವಾರ ಬೇಕು. ತಿಂದ ಕೆಲವು ಗಂಟೆಯಲ್ಲೇ ವಾಂತಿ, ಭೇದಿ ಆದರೆ ಮೀನು ಹಳಸಿತ್ತು ಅಥವಾ ಕೈ ಪಾತ್ರೆ ಕೊಳಕಾಗಿತ್ತು ಅಂತ ಅರ್ಥ. ಓಆರ್‌ಎಸ್ ಕುಡಿಯಿರಿ, ಎರಡು ದಿನ ನೋಡಿ. ಮಲದಲ್ಲಿ ರಕ್ತ ಬಂದರೆ, ಮೂತ್ರ ನಿಂತರೆ, ಮಗು ಮಂಕಾದರೆ ಆಸ್ಪತ್ರೆ.

ಇಲ್ಲಿ ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ, ಕಣ್ಣಿಗೆ ಒಳ್ಳೆಯದು ಅಂತ ರೋಹು ಮೀನಿನ ಪಿತ್ತಕೋಶವನ್ನು ಹಸಿಯಾಗಿ ನುಂಗುವವರು ಇದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವ ವಿಷದಿಂದ ಕಿಡ್ನಿ ಕೈಕೊಟ್ಟು ಡಯಾಲಿಸಿಸ್‌ವರೆಗೆ ಹೋದವರ ವರದಿಗಳು ನಮ್ಮ ದೇಶದ ಆಸ್ಪತ್ರೆಗಳಿಂದಲೇ ಬಂದಿವೆ. ಕುದಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಪಿತ್ತ ನುಂಗಿದ ಮೇಲೆ ವಾಂತಿ ಶುರುವಾಗಿ ಮೂತ್ರ ಕಡಿಮೆ ಆದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಏನು ನುಂಗಿದಿರಿ ಅಂತ ಮುಚ್ಚಿಡದೆ ಹೇಳಿ.

"ವಾರಗಟ್ಟಲೆ ಬಲಪಕ್ಕೆ ಭಾರ, ಊಟ ಸೇರಲ್ಲ, ಸುಸ್ತು"

ಇಂಥ ಲಕ್ಷಣಕ್ಕೆ ನೂರು ಕಾರಣ ಇರುತ್ತವೆ. ಗ್ಯಾಸ್, ಪಿತ್ತಕೋಶದ ಕಲ್ಲು, ಕುಡಿತದಿಂದ ಕೊಬ್ಬು ತುಂಬಿದ ಲಿವರ್, ಇವೇ ಜಾಸ್ತಿ. ಆದರೂ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಒಂದಿದೆ, ನಿಮ್ಮನ್ನು ನೀವೇ ಪ್ರಶ್ನೆ ಕೇಳಿಕೊಳ್ಳುವುದು.

ಹಸಿ ಅಥವಾ ಅರೆಬೆಂದ ಹೊಳೆ ಮೀನು ತಿಂದದ್ದುಂಟಾ? ಹೊಳೆ ದಂಡೆಯಲ್ಲಿ ಬೆಂಕಿ ಹಾಕಿ ಸುಟ್ಟ ಮೀನು, ಹೊರಗೆ ಕರಿ ಒಳಗೆ ಹಸಿ, ಅದೂ ಲೆಕ್ಕಕ್ಕೆ ಬರುತ್ತದೆ. ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ದಮ್ಮಿಗೆ ಅಂತ ಜೀವಂತ ಮರಿಮೀನು ನುಂಗಿ ಬಂದಿದ್ದರೆ ಅದೂ ಹಸಿ ಮೀನೇ, ಡಾಕ್ಟರಿಗೆ ಹೇಳಿ. ಸೈನ್ಯದಲ್ಲಿದ್ದು ಅಸ್ಸಾಂ, ಮಣಿಪುರದ ಕಡೆ ವರ್ಷಗಟ್ಟಲೆ ಕಳೆದು ಬಂದವರು ನಮ್ಮ ಬೆಳಗಾವಿ ಸೀಮೆಯಲ್ಲಿ ಮನೆಮನೆಗೆ ಸಿಗುತ್ತಾರೆ. ಕೆಲಸಕ್ಕೆ ಅಂತ ಥಾಯ್ಲೆಂಡ್, ವಿಯೆಟ್ನಾಂ ಕಡೆ ಹೋಗಿ ಬಂದ ಹುಡುಗರೂ ಇದ್ದಾರೆ. ಈ ಹುಳು ಒಳಗೆ ಸೇರಿದರೆ 20-30 ವರ್ಷ ಬದುಕಬಲ್ಲದು, ಹಾಗಾಗಿ "ಅದು ಹಳೇ ಮಾತು, ಈಗ್ಯಾಕೆ" ಅಂತ ಬಿಡಬೇಡಿ.

ಇನ್ನೊಂದು ದಾರಿ ಇದೆ, ಅದು ನಮ್ಮ ತಾಟಿನಲ್ಲೇ ಇದೆ. ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿ ತಿನ್ನುವುದು ನಮ್ಮ ರೂಢಿ. ತಿನ್ನಲೇಬೇಕು, ಒಳ್ಳೆಯದು. ಮಳೆ ನೀರಿಗೆ ಬೆಳೆದ, ಬೋರ್ ನೀರಿನಲ್ಲಿ ತೊಳೆದ ಸೊಪ್ಪಿನಲ್ಲಿ ಈ ಹುಳುವಿನ ಭಯವಿಲ್ಲ. ಆದರೆ ನೀರು ನಿಂತ ಜವಳು ಹೊಲದ ಅಂಚಿನಲ್ಲಿ, ದನ ಮೇಯುವ ಹಳ್ಳದ ದಂಡೆಯಲ್ಲಿ ಕಿತ್ತ ಸೊಪ್ಪು, ಅದನ್ನು ಅದೇ ಕಾಲುವೆ ನೀರಿನಲ್ಲಿ ಜಾಲಾಡಿ ತಿಂದರೆ ಎಮ್ಮೆಗೆ ಬರುವ ಲಿವರ್ ಹುಳು ಮನುಷ್ಯನಿಗೂ ಬರಬಹುದು. ಅಪರೂಪ, ಆದರೆ ಬರುತ್ತದೆ. ಅದರ ಕೋಶ, ಅಂದರೆ ಮರಿ ಹುಳು ಒಳಗಿರುವ ಸಣ್ಣ ಗೂಡು, ಸೊಪ್ಪಿಗೆ ಗಟ್ಟಿಯಾಗಿ ಅಂಟಿರುತ್ತದೆ, ಸುಮ್ನೆ ನೀರಲ್ಲಿ ಅದ್ದಿ ತೆಗೆದರೆ ಹೋಗುವುದಿಲ್ಲ. ಅಂಥ ಜಾಗದ ಸೊಪ್ಪನ್ನು ಪಲ್ಯ ಮಾಡಿ ತಿನ್ನಿ.

ಈ ಯಾವ ಪ್ರಶ್ನೆಗೂ ಹೌದು ಅನ್ನುವ ಉತ್ತರ ಇಲ್ಲದಿದ್ದರೆ ಹುಳುವಿನ ಯೋಚನೆ ಬಿಟ್ಟು ಬೇರೆ ಕಾರಣ ಹುಡುಕಿ. ಒಂದಕ್ಕಾದರೂ ಹೌದು ಅಂದರೆ ಮುಂದಿನ ಹೆಜ್ಜೆ ರಕ್ತ ಪರೀಕ್ಷೆ. ರಕ್ತಕಣ ಎಣಿಸುವ ಸಿಬಿಸಿ ಸಾಕು, ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ. ಅದರಲ್ಲಿ ಇಯೋಸಿನೋಫಿಲ್ ಅನ್ನುವ ಸಾಲು ನೋಡಿ, ಅದು ಒಂದು ಬಗೆಯ ಬಿಳಿ ರಕ್ತಕಣ. ಮಾಮೂಲಾಗಿ ನೂರಕ್ಕೆ ಐದಾರರೊಳಗೆ ಇರುವುದು ತುಂಬಾ ಏರಿದ್ದರೆ ಯಾವುದೋ ಹುಳು ಇರಬಹುದು, ಇಲ್ಲ ಅಲರ್ಜಿ, ದಮ್ಮು ಇರಬಹುದು. ಅದೊಂದರಿಂದಲೇ ತೀರ್ಮಾನ ಬೇಡ. ಹಳೆಯ ಸೋಂಕಿನಲ್ಲಿ ಅದು ಸರಿಯಾಗಿಯೇ ಇರಲೂಬಹುದು.

ಆಮೇಲೆ ಮಲ ಪರೀಕ್ಷೆ. ಇಲ್ಲೇ ಬಹಳ ಜನ ಎಡವುವುದು. ಒಂದೇ ದಿನದ ಮಲ ಕೊಟ್ಟು "ಏನೂ ಇಲ್ಲ ಅಂದ್ರು" ಅಂತ ವಾಪಸ್ ಬರುತ್ತಾರೆ. ಹುಳು ದಿನಾ ಒಂದೇ ಸಮನೆ ಮೊಟ್ಟೆ ಹಾಕುವುದಿಲ್ಲ, ಮೀನಿನ ಹುಳುವಿನ ಮೊಟ್ಟೆ ಬಹಳ ಸಣ್ಣದು ಕೂಡ, ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು. ಬೇರೆ ಬೇರೆ ಮೂರು ದಿನದ ಮಲ ಕೊಡಿ. ಒಣಗಿದ ಶುದ್ಧ ಡಬ್ಬಿಯಲ್ಲಿ ಹಾಕಿ, ಮೂತ್ರ, ಮಣ್ಣು ತಾಗದ ಹಾಗೆ ನೋಡಿಕೊಳ್ಳಿ. ಲ್ಯಾಬಿನವರಿಗೆ "ಚಪ್ಪಟೆ ಹುಳುವಿನ ಮೊಟ್ಟೆ ಇದೆಯಾ ನೋಡಿ, ತಳದಲ್ಲಿ ಕೂರಿಸಿ ನೋಡುವ ಪರೀಕ್ಷೆ ಮಾಡಿ" ಅಂತ ಕೇಳಿಕೊಳ್ಳಿ. ಈ ಮೊಟ್ಟೆ ಭಾರ, ತಳಕ್ಕೆ ಇಳಿಯುತ್ತದೆ, ಉಪ್ಪು ನೀರಿನಲ್ಲಿ ತೇಲಿಸಿ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ.

ಕುರಿ ಲಿವರ್ ತಿಂದ ಮರುದಿನ ಮಲ ಕೊಟ್ಟರೆ ಇನ್ನೊಂದು ಫಜೀತಿ. ಆ ಕುರಿಗೆ ಹುಳು ಇದ್ದಿದ್ದರೆ ಅದರ ಮೊಟ್ಟೆಗಳು ಬೆಂದರೂ ಕರಗದೆ ನಿಮ್ಮ ಮಲದಲ್ಲಿ ಹಾದು ಹೋಗುತ್ತವೆ. ನಿಮಗೆ ಕಾಯಿಲೆ ಇಲ್ಲದಿದ್ದರೂ ರಿಪೋರ್ಟಿನಲ್ಲಿ ಇದೆ ಅಂತ ಬರುತ್ತದೆ. ಒಂದು ವಾರ ಲಿವರ್ ತಿನ್ನುವುದು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಇದಾದ ಮೇಲೆ ಹೊಟ್ಟೆಯ ಸ್ಕ್ಯಾನಿಂಗ್. ಪಿತ್ತನಾಳ ಹಿಗ್ಗಿದೆಯಾ, ಕಲ್ಲು ಇದೆಯಾ, ಲಿವರಿನಲ್ಲಿ ಗಾಯದಂಥ ಜಾಗಗಳಿವೆಯಾ ಅಂತ ಕಾಣುತ್ತದೆ. ಇಲ್ಲಿಂದ ಮುಂದಕ್ಕೆ ಡಾಕ್ಟರ ಕೆಲಸ, ನಮ್ಮದಲ್ಲ.

"ಕಣ್ಣು ಹಳದಿ ಆಗಿದೆ"

ಕಾಮಣಿ ಅಂದ ಕೂಡಲೇ ನಮ್ಮ ಕಡೆ ಮೊದಲು ಹೋಗುವುದು ತಪ್ಪಲು ಔಷಧಿ ಕೊಡುವವರ ಹತ್ತಿರ. ನೀರಿನಿಂದ ಬರುವ ಕಾಮಣಿ ಬಹಳ ಜನರಿಗೆ ತಾನಾಗಿಯೇ ಇಳಿಯುತ್ತದೆ, ಅದಕ್ಕೇ ಔಷಧಿ ಹತ್ತಿತು ಅಂತ ಅನ್ನಿಸುತ್ತದೆ. ಆದರೆ ಪಿತ್ತನಾಳ ಕಟ್ಟಿಕೊಂಡ ಕಾಮಣಿ ತಾನಾಗಿ ಇಳಿಯುವುದು ಕಷ್ಟ, ದಿನ ಕಳೆದಷ್ಟೂ ಲಿವರ್ ಹಾಳಾಗುತ್ತದೆ.

ಮನೆಯಲ್ಲೇ ನೋಡಬಹುದಾದ ಗುರುತು ಒಂದಿದೆ. ಮಲದ ಬಣ್ಣ ನೋಡಿ. ಕಣ್ಣು ಹಳದಿ, ಮೂತ್ರ ಕಡು ಚಹಾ ಬಣ್ಣ, ಮಲ ಮಾತ್ರ ಬಿಳಿ ಜೇಡಿಮಣ್ಣಿನ ಬಣ್ಣ, ಮೈಯೆಲ್ಲ ತುರಿಕೆ. ಹೀಗಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಅಂತ ಅರ್ಥ. ಕಲ್ಲು ಇರಬಹುದು, ಗಡ್ಡೆ ಇರಬಹುದು, ಅಪರೂಪಕ್ಕೆ ಹುಳು ಇರಬಹುದು. ಯಾವುದೇ ಇರಲಿ, ವಾರ ಕಾಯುವ ವಿಷಯ ಅಲ್ಲ. ತೂಕ ಇಳಿಯುತ್ತಾ, ನೋವೇ ಇಲ್ಲದೆ ಕಾಮಣಿ ಏರುತ್ತಿದ್ದರೆ ಇನ್ನೂ ಬೇಗ ಹೋಗಬೇಕು.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಮೀನಿನ ಹುಳು ವರ್ಷಗಟ್ಟಲೆ ಪಿತ್ತನಾಳದಲ್ಲಿ ಉಳಿದರೆ ಅಲ್ಲಿ ಕ್ಯಾನ್ಸರ್ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿ ಥಾಯ್ಲೆಂಡ್ ಕಡೆಯ ಒಪಿಸ್ತೋರ್ಕಿಸ್ ವಿವೆರಿನಿ ಹುಳುವನ್ನು, 2009ರಲ್ಲಿ ಚೀನಾ ಕಡೆಯ ಕ್ಲೋನೋರ್ಕಿಸ್ ಹುಳುವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಕಾಮಣಿ ಇರುವಾಗ ಜ್ವರಕ್ಕೆ ಅಂತ ಗುಳಿಗೆ ಮೇಲೆ ಗುಳಿಗೆ ನುಂಗಬೇಡಿ, ಪ್ಯಾರಾಸಿಟಮಾಲ್ ಕೂಡ ಡಾಕ್ಟರನ್ನು ಕೇಳಿಯೇ. ಗರ್ಭಿಣಿಗೆ ಕಾಮಣಿ ಕಂಡರೆ ಒಂದು ದಿನವೂ ತಡ ಬೇಡ.

"ತಿಂಗಳುಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ"

ಮೊದಲು ಟಿಬಿ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಕಫದಲ್ಲಿ ಟಿಬಿ ಸಿಗದೆ, ಕೆಮ್ಮೂ ನಿಲ್ಲದೆ ಇದ್ದರೆ ಆಗ ಏಡಿಯ ಬಗ್ಗೆ ಕೇಳಬೇಕು. ಹಳ್ಳದ ಏಡಿಯನ್ನು ಹಸಿಯಾಗಿ ತಿಂದರೆ, ಹಸಿ ಏಡಿ ಜಜ್ಜಿ ರಸ ಕುಡಿದರೆ ಶ್ವಾಸಕೋಶದ ಚಪ್ಪಟೆ ಹುಳು ಬರುತ್ತದೆ. ಮಣಿಪುರ, ನಾಗಾಲ್ಯಾಂಡ್, ಅರುಣಾಚಲದಲ್ಲಿ ಇದನ್ನು ಟಿಬಿ ಅಂತಲೇ ತಿಳಿದು ಔಷಧಿ ಕೊಟ್ಟದ್ದುಂಟು.

"ನೀರಿಗಿಳಿದು ಬಂದ ಮೇಲೆ ಕಾಲು ತುರಿಕೆ"

ಗದ್ದೆ, ಕೆರೆ, ಹಿನ್ನೀರಿನಲ್ಲಿ ನಿಂತು ಬಂದ ಕೆಲವೇ ಹೊತ್ತಿನಲ್ಲಿ ಮೊಳಕಾಲವರೆಗೆ ಕೆಂಪು ಗುಳ್ಳೆ ಎದ್ದು ತುರಿಸಿದರೆ, ದನ ಅಥವಾ ಬಾತುಕೋಳಿಯ ಹುಳುವಿನ ಮರಿ ಚರ್ಮದೊಳಗೆ ನುಗ್ಗಲು ನೋಡಿ ಅಲ್ಲೇ ಸತ್ತಿದೆ ಅಂತ ಅರ್ಥ. ಲಿವರಿಗೆ ಹೋಗುವುದಿಲ್ಲ. ಕೆರೆಯಬೇಡಿ, ಒಳ್ಳೆ ನೀರಿನಲ್ಲಿ ತೊಳೆದು ಒರೆಸಿ, ಒಂದು ವಾರದೊಳಗೆ ಕಡಿಮೆ ಆಗುತ್ತದೆ. ಕೀವು ತುಂಬಿದರೆ ಮಾತ್ರ ದವಾಖಾನೆ. ಮೀನುಗಾರರು ಗಮ್‌ಬೂಟು ಹಾಕಿಕೊಂಡರೆ ಇದು ಬರುವುದೇ ಇಲ್ಲ.

"ಬೆಕ್ಕು, ನಾಯಿ ಸೊರಗಿದೆ, ಹೊಟ್ಟೆ ಮಾತ್ರ ದಪ್ಪ"

ಮೀನು ಕೊಯ್ಯುವಾಗ ಎಸೆದ ತಲೆ, ಕರುಳು, ಸಣ್ಣ ಮೀನು, ಎಲ್ಲ ಹೋಗುವುದು ಇವಕ್ಕೆ. ಮನುಷ್ಯ ಬೇಯಿಸಿ ತಿಂದು ಬಚಾವಾಗುತ್ತಾನೆ, ಹಸಿ ಮೀನಿನ ಹುಳು ಹೋಗಿ ಸೇರುವುದು ಬೆಕ್ಕು ನಾಯಿಯ ಹೊಟ್ಟೆಗೆ. ಭಾರತದ ಬೀದಿ ನಾಯಿಗಳ ಪಿತ್ತನಾಳದಲ್ಲಿ ಇದೇ ಬಳಗದ ಹುಳು ಸಿಕ್ಕಿದ್ದೂ ದಾಖಲೆಯಲ್ಲಿದೆ. ಬೆಕ್ಕಿನ ಬಾಯೊಳಗಿನ ಚರ್ಮ, ಕಿವಿಯ ಒಳಭಾಗ ಹಗಲು ಬೆಳಕಿನಲ್ಲಿ ನೋಡಿ. ಹಳದಿ ಇದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ, ಜೊತೆಗೆ ಅದರ ಮಲವನ್ನೂ ಒಂದು ಡಬ್ಬಿಯಲ್ಲಿ. ಹಳದಿ ಇಲ್ಲದೆ ಬರೀ ಸೊರಗಿದ್ದರೆ ಮೊದಲು ಸಾದಾ ಜಂತು, ಉಣ್ಣೆ, ಚಿಗಟ ನೋಡಿ.

ಬೆಕ್ಕಿನಿಂದ ನೇರ ನಿಮಗೆ ಬರುವುದಿಲ್ಲ. ಆದರೆ ಅದರ ಮಲ ಮಳೆ ನೀರಿನಲ್ಲಿ ಕೆರೆ ಸೇರಿದರೆ ಬಸವನಹುಳು, ಅಲ್ಲಿಂದ ಮೀನು, ಹೀಗೆ ಸುತ್ತು ಮುಂದುವರಿಯುತ್ತದೆ. ಬೆಕ್ಕಿಗೆ ಮೀನು ಹಾಕಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಆ ತಲೆ, ಕರುಳನ್ನು ಒಂದು ಹಳೇ ಪಾತ್ರೆಯಲ್ಲಿ ಕುದಿಸಿ ಹಾಕಿ, ಅಷ್ಟು ಸಾಕು.

"ಎಮ್ಮೆ ಬಡಕಲಾಗಿದೆ, ಹಾಲು ಇಳಿದಿದೆ, ಗದ್ದದ ಕೆಳಗೆ ಚೀಲ ಬಂದಿದೆ"

"ಎಮ್ಮಿ ಗದ್ದ ಬಾತೈತ್ರಿ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ, ಬಿಸಿ ಇದೆಯಾ, ತಣ್ಣಗಿದೆಯಾ? ಕೈ ಇಟ್ಟು ನೋಡಿ. ಬಿಸಿ, ಮುಟ್ಟಿದರೆ ನೋವು, ಜ್ವರ ಅಂದರೆ ಗಳಲೆ, ಮೇಲೆ ಹೇಳಿದ ಹಾಗೆ ಕೂಡಲೇ 1962. ತಣ್ಣಗೆ, ಮೆತ್ತಗೆ ಇದ್ದು, ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿದರೆ ಅದು ನೀರು. ದಿನವಿಡೀ ತಲೆ ಬಗ್ಗಿಸಿ ಮೇಯ್ದು ಸಂಜೆ ಮನೆಗೆ ಬಂದಾಗ ಜಾಸ್ತಿ, ಬೆಳಗ್ಗೆ ಕಡಿಮೆ ಇದ್ದರೆ ಇನ್ನೂ ಖಾತ್ರಿ. ರಕ್ತ ಕಡಿಮೆಯಾಗಿದೆ, ರಕ್ತದಲ್ಲಿನ ಪ್ರೋಟೀನ್ ಸೋರಿ ಹೋಗುತ್ತಿದೆ ಅಂತ ಅದು ಹೇಳುತ್ತದೆ.

ಎರಡನೆಯದು ಕಣ್ಣು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ಒಳಗಿನ ಬಣ್ಣ ನೋಡಿ. ಗುಲಾಬಿ ಕೆಂಪು ಇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆ. ಹೋಲಿಸಲು ಪಕ್ಕದಲ್ಲಿರುವ ಚೆನ್ನಾಗಿರುವ ಎಮ್ಮೆಯ ಕಣ್ಣನ್ನೂ ನೋಡಿ. ಮೈಮೇಲೆ ಉಣ್ಣೆ ತುಂಬಿ, ಜ್ವರ ಇದ್ದು, ಹೆಗಲ ಮುಂದಿನ ಗಂಟು ಬಾತಿದ್ದರೆ ಅದು ಉಣ್ಣೆಯಿಂದ ಬಂದ ರಕ್ತದ ಕಾಯಿಲೆ, ಹುಳುವಿನ ಔಷಧಿ ಹಾಕಿ ಕಾಯುತ್ತಾ ಕೂತರೆ ದನ ಕೈತಪ್ಪುತ್ತದೆ.

ಮೂರನೆಯದು ಎಲ್ಲಿ ಮೇಯ್ದಿತ್ತು ಅನ್ನುವುದು. ಜೋಳದ ಕಣಿಕೆ ತಿಂದು ಕೊಟ್ಟಿಗೆಯಲ್ಲೇ ಇರುವ, ಬೋರ್ ನೀರು ಕುಡಿಯುವ ಎಮ್ಮೆಗೆ ಲಿವರ್ ಹುಳು ಬರುವುದು ಕಷ್ಟ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಂಚಿನಲ್ಲಿ ಹಸಿರು ಹುಲ್ಲು ಏಳುತ್ತದೆ, ಸುತ್ತಲೂ ಎಲ್ಲ ಒಣಗಿರುವುದರಿಂದ ಇಡೀ ಊರಿನ ದನ ಅಲ್ಲೇ ಇಳಿಯುತ್ತವೆ. ಆ ಹುಲ್ಲಿನ ಬುಡದಲ್ಲಿ, ನೀರು ಇದ್ದು ಹೋದ ಗೆರೆಯಲ್ಲಿ ಹುಳುವಿನ ಕೋಶ ಅಂಟಿರುತ್ತದೆ. ಅಲ್ಲಿ ನಿಂತು ಒಮ್ಮೆ ಹುಡುಕಿ ನೋಡಿ. ತೆಳು ಕಂದು ಚಿಪ್ಪಿನ, ಬಾಯಿ ಅಗಲ ಇರುವ ಬಸವನಹುಳು ಸಿಕ್ಕರೆ ಅದೇ ಲಿವರ್ ಹುಳುವಿನ ಮನೆ. ಚಕ್ಕುಲಿ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪು ಸಿಕ್ಕರೆ ಅದು ಗೊರಕೆ ರೋಗ ತರುವ ಮೂಗಿನ ಹುಳುವಿನ, ದನದ ಹೊಟ್ಟೆಯಲ್ಲಿರುವ ಚಪ್ಪಟೆ ಹುಳುವಿನ ಮನೆ.

ನಾಲ್ಕನೆಯದು ಸಗಣಿ ಪರೀಕ್ಷೆ. ಬಿದ್ದ ಕೂಡಲೇ, ನೆಲ ತಾಗದ ಮೇಲ್ಭಾಗದಿಂದ ಒಂದು ಹಿಡಿ ತೆಗೆದು ಡಬ್ಬಿಯಲ್ಲಿ ಹಾಕಿ, ಅದೇ ದಿನ ಪಶು ಆಸ್ಪತ್ರೆಗೆ ಕೊಡಿ. ತಳದಲ್ಲಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಂಗಾರದ ಹಳದಿ ಬಣ್ಣದ ದೊಡ್ಡ ಮೊಟ್ಟೆ ಕಂಡರೆ ಲಿವರ್ ಹುಳು, ಬಣ್ಣವೇ ಇಲ್ಲದ ತಿಳಿ ಮೊಟ್ಟೆ ಆದರೆ ಹೊಟ್ಟೆಯ ಚಪ್ಪಟೆ ಹುಳು. ಲ್ಯಾಬಿನವರು ಒಮ್ಮೆ ಕಣ್ಣಿಟ್ಟು ನೋಡಲು ಬಿಟ್ಟರೆ ನೋಡಿ, ಆ ಬಣ್ಣದ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ. ಹುಳು ಒಳಗೆ ಹೋಗಿ ಮೊಟ್ಟೆ ಇಡಲು ಮೂರರಿಂದ ನಾಲ್ಕು ತಿಂಗಳು ಬೇಕು, ಅಷ್ಟರೊಳಗೆ ಸಗಣಿಯಲ್ಲಿ ಏನೂ ಕಾಣುವುದಿಲ್ಲ. ಸಗಣಿ ಚೆನ್ನಾಗಿದೆ ಅಂದರೂ ಎಮ್ಮೆ ಇಳಿಯುತ್ತಲೇ ಇದ್ದರೆ ಡಾಕ್ಟರಿಗೆ ಮೇಯ್ದ ಜಾಗದ ಬಗ್ಗೆ ಹೇಳಿ.

"ಕುರಿ ಒಂದಾದ ಮೇಲೊಂದು ಸಾಯುತ್ತಿವೆ, ನೀರಿನಂತೆ ಭೇದಿ"

ದನಕ್ಕಿಂತ ಕುರಿಗೆ ಈ ಹುಳು ಜಾಸ್ತಿ ಕ್ರೂರ. ಒಂದೇ ಸಲ ನೂರಾರು ಕೋಶ ಹೊಟ್ಟೆಗೆ ಹೋದರೆ ಮರಿ ಹುಳುಗಳು ಲಿವರನ್ನು ಕೊರೆಯುತ್ತಾ ಹೋಗುತ್ತವೆ, ಗದ್ದ ಬಾಯುವಷ್ಟು ಸಮಯವೂ ಇರುವುದಿಲ್ಲ, ನಿನ್ನೆ ಮೇಯ್ದ ಕುರಿ ಇವತ್ತು ಸತ್ತಿರುತ್ತದೆ. ಬೇರೆ ರೀತಿ ಅಂದರೆ ದುರ್ವಾಸನೆಯ ನೀರು ಭೇದಿ, ಬಾಯಾರಿಕೆ, ಹಿಂಭಾಗವೆಲ್ಲ ಹೊಲಸು. ಅದು ಸಣ್ಣ ಕರುಳಿನಲ್ಲಿರುವ ಹೊಟ್ಟೆ ಹುಳುವಿನ ಮರಿಗಳ ಕೆಲಸ. ಆಗಲೂ ಮೊಟ್ಟೆ ಕಾಣುವುದಿಲ್ಲ, ಇನ್ನೂ ದೊಡ್ಡದಾಗಿಲ್ಲವಲ್ಲ. ಕುರಿಗಾರರು ಒಂದು ಕುರಿ ಸತ್ತ ಕೂಡಲೇ ಪಶುವೈದ್ಯರನ್ನು ಕರೆಸಿ ಅವರ ಕೈಯಿಂದಲೇ ಕೊಯ್ಸಿ ನೋಡಬೇಕು. ಒಂದು ಕುರಿಯಿಂದ ಉತ್ತರ ಸಿಕ್ಕರೆ ಉಳಿದ ಹಿಂಡು ಉಳಿಯುತ್ತದೆ. ಮೂಗು ಬಾಯಲ್ಲಿ ರಕ್ತ ಇದ್ದರೆ ಏನು ಮಾಡಬಾರದು ಅಂತ ಮೇಲೆ ಹೇಳಿದ್ದೇನೆ.

ಹಿಂಡನ್ನು ಅದೇ ದಿನ ಆ ನೀರಿನ ಅಂಚಿನಿಂದ ಮೇಲಕ್ಕೆ ಹೊಡೆದುಕೊಂಡು ಬನ್ನಿ. ಔಷಧಿಗಿಂತ ಮೊದಲು ಮಾಡುವ ಕೆಲಸ ಇದು.

"ಆಕಳು ಮಲಗಿದ್ದಾಗಷ್ಟೇ ಅಲ್ಲ, ನಿಂತಾಗಲೂ ಗೊರಕೆ"

ಮೂಗಿನಿಂದ ಗೊಣ್ಣೆ, ಕೆಲವೊಮ್ಮೆ ರಕ್ತ, ಗೊರ ಗೊರ ಸದ್ದು. ಮೂಗಿನ ಹೊಳ್ಳೆಯೊಳಗೆ ಬೆಳಕು ಹಾಕಿ ನೋಡಿದರೆ ಹೂಕೋಸಿನಂಥ ಗಂಟು ಕಾಣಬಹುದು. ಈ ಹುಳು ಮೂಗಿನ ರಕ್ತನಾಳದಲ್ಲಿ ಇರುತ್ತದೆ, ನೀರಿಗಿಳಿದಾಗ ಚರ್ಮದಿಂದಲೇ ಒಳಗೆ ಹೋಗುತ್ತದೆ. ಎಮ್ಮೆಯಲ್ಲಿ ಅಷ್ಟು ಕಾಣುವುದಿಲ್ಲ, ಆಕಳು ಎತ್ತಿನಲ್ಲಿ ಜೋರು. ಇದಕ್ಕೆ ಇಂಜೆಕ್ಷನ್ ಇದೆ, ವೈದ್ಯರೇ ಹಾಕಬೇಕು. ಕಡ್ಡಿ ಹಾಕಿ ಗಂಟು ಕೀಳಲು ಹೋಗಬೇಡಿ.

"ಕೊಯ್ದಾಗ ಲಿವರಿನಲ್ಲಿ ಹುಳು ಸಿಕ್ಕಿತು"

ಲಿವರ್ ಕತ್ತರಿಸಿದಾಗ ನಾಳಗಳು ಬಿಳಿಯಾಗಿ, ಪೈಪಿನ ಹಾಗೆ ದಪ್ಪಗಿದ್ದು, ಚಾಕು ತಾಗಿದಾಗ ಕರಕರ ಅನ್ನುತ್ತದೆ. ಒತ್ತಿದರೆ ಬೂದು ಕಂದು ಬಣ್ಣದ ಹುಳು ಮಡಿಸಿಕೊಂಡು ಹೊರಗೆ ಜಾರುತ್ತದೆ, ಬಿಡಿಸಿ ಇಟ್ಟರೆ ಎರಡು ಮೂರು ಇಂಚು ಉದ್ದ. ಇದನ್ನು ಕಂಡು ಹೆದರಬೇಡಿ, ಬಲಿತ ಹುಳುವಿನಿಂದ ಕಾಯಿಲೆ ಹರಡುವುದಿಲ್ಲ. ಆದರೆ ಆ ಭಾಗ ತಿನ್ನಲು ಯೋಗ್ಯವಲ್ಲ, ತೆಗೆದು ಆಳಕ್ಕೆ ಹೂಳಿ. ಕುರಿ ಯಾವ ಹಿಂಡಿನದೋ ಅವರಿಗೆ ಸುದ್ದಿ ಮುಟ್ಟಿಸಿ, ಇದಕ್ಕಿಂತ ಖಾತ್ರಿಯಾದ ಪರೀಕ್ಷೆ ಬೇರೆ ಇಲ್ಲ.

ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಸಿಕ್ಕರೆ ಅದು ಬೇರೆಯೇ ಕಾಯಿಲೆ, ಹೈಡಾಟಿಡ್. ಅದನ್ನು ನಾಯಿಗೆ ಎಸೆದರೆ ನಾಯಿಯಿಂದ ಮನುಷ್ಯರಿಗೆ ಬರುತ್ತದೆ. ಖಂಡಿತ ಎಸೆಯಬೇಡಿ, ಸುಡಿ ಅಥವಾ ಹೂಳಿ.

"ಔಷಧಿ ಕೊಟ್ಟೆ, ಗುಣ ಕಾಣಲಿಲ್ಲ"

ಮೊದಲು ಕೇಳಬೇಕಾದ್ದು ಯಾವ ಔಷಧಿ ಅಂತ. ಅಂಗನವಾಡಿ, ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ 400 ಮಿಲಿಗ್ರಾಂ ಗುಳಿಗೆ ಉದ್ದ ಹುಳು, ಕೊಕ್ಕೆ ಹುಳುವಿಗೆ. ಕೊಡಿಸಲೇಬೇಕು, ಆದರೆ ಅದೊಂದು ಗುಳಿಗೆಯಿಂದ ಲಿವರಿನ ಚಪ್ಪಟೆ ಹುಳು ಹೋಗುವುದಿಲ್ಲ. ಮೀನಿನ ಹುಳುವಿಗೆ ಡಾಕ್ಟರು ಬರೆಯುವುದು ಪ್ರಾಜಿಕ್ವಾಂಟೆಲ್. ಅದೇ ಪ್ರಾಜಿಕ್ವಾಂಟೆಲ್ ಹುಲ್ಲಿನಿಂದ ಬರುವ ಲಿವರ್ ಹುಳುವಿಗೆ ಕೆಲಸ ಮಾಡುವುದಿಲ್ಲ, ಅದಕ್ಕೆ ಟ್ರೈಕ್ಲಾಬೆಂಡಜೋಲ್ ಬೇಕು. ನಾನು ಪ್ರಮಾಣ ಬರೆಯುವುದಿಲ್ಲ, ಬೇಕೆಂದೇ. ಪ್ರಾಜಿಕ್ವಾಂಟೆಲನ್ನು ಸ್ವಂತ ತಲೆಯಿಂದ ನುಂಗಬಾರದು. ಹಂದಿ ಲಾಡಿಹುಳುವಿನ ಗುಳ್ಳೆ ಮಿದುಳಲ್ಲೋ ಕಣ್ಣಲ್ಲೋ ಇದ್ದವರಿಗೆ ಇದರಿಂದ ಫಿಟ್ಸ್ ಬರಬಹುದು, ಕಣ್ಣು ಹೋಗಬಹುದು. ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ದನಕ್ಕೆ ಆಕ್ಸಿಕ್ಲೋಜನೈಡ್ ಕೊಟ್ಟಿದ್ದರೆ ಬಲಿತ ಹುಳು ಸಾಯುತ್ತದೆ, ಮರಿ ಹುಳು ಉಳಿದಿರುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಕೊಡಬೇಕಾಗಬಹುದು. ತೂಕವನ್ನು ಕಣ್ಣಳತೆಯಲ್ಲಿ ಕಡಿಮೆ ಹಿಡಿದು ಅರ್ಧ ಔಷಧಿ ಕೊಟ್ಟರೆ ಹುಳು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಹಾಗಂತ ಜಾಸ್ತಿಯೂ ಬೇಡ. ಕ್ಲೋಸಾಂಟೆಲ್ ಜಾಸ್ತಿ ಆದರೆ ಕುರಿ, ಆಡುಗಳ ಕಣ್ಣು ಹೋಗುತ್ತದೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಮರಿಗೆ ತೊಂದರೆ. ಟ್ರೈಕ್ಲಾಬೆಂಡಜೋಲ್ ಅಂಶ ಹಾಲಿನಲ್ಲಿ ಬರುತ್ತದೆ, ಹಾಲು ಕೊಡುವ ಎಮ್ಮೆಗೆ ಯಾವುದು, ಎಷ್ಟು ದಿನ ಹಾಲು ಬಿಡಬೇಕು ಅಂತ ವೈದ್ಯರನ್ನು ಕೇಳದೆ ಬಾಟಲಿ ಒಡೆಯಬೇಡಿ. ಡೈರಿಗೆ ಹಾಕಿದ ಆ ಹಾಲು ಯಾರದೋ ಮಗುವಿನ ಹೊಟ್ಟೆಗೆ ಹೋಗುತ್ತದೆ.

ಗೊಟ್ಟ ಹಾಕುವಾಗ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು, ನಾಲಗೆ ಎಳೆದು ಹಿಡಿಯುವುದು ಮಾಡಬೇಡಿ. ಔಷಧಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದ ಹಾಗೆ ಹಿಡಿದು, ಬಾಯಿಯ ಪಕ್ಕದಿಂದ ನಿಧಾನ ಹಾಕಿ, ಕೆಮ್ಮಿದರೆ ಕೂಡಲೇ ತಲೆ ಬಿಡಿ.

ಎಲ್ಲ ಸರಿ ಇದ್ದೂ ಮತ್ತೆ ಬಂತು ಅಂದರೆ ಅದೇ ಅಂಚಿನಲ್ಲಿ ಮತ್ತೆ ಮೇಯಿಸಿದ್ದೀರಿ. ಹುಲ್ಲು ಕೊಯ್ದು ತರುವುದಾದರೆ ನೀರಿನ ಗೆರೆಯ ಮೇಲಿನ ಭಾಗ ಮಾತ್ರ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿ. ಕುಡಿಯಲು ತೊಟ್ಟಿ ಮಾಡಿ.

ಅಡುಗೆಮನೆ ಮತ್ತು ಬಲೆಯ ಹತ್ತಿರ

ಕಟ್ಲಾ, ರೋಹು, ಮೃಗಾಲ್, ಗೆಂಡೆ, ಇವೆಲ್ಲ ಮೀನಿನ ಹುಳು ಇಷ್ಟಪಡುವ ಕುಟುಂಬದವೇ. ಬೆಂದರೆ ಭಯವಿಲ್ಲ. ತುಂಡಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಯಾರ ಮನೆಯಲ್ಲಿರುತ್ತದೆ? ದಪ್ಪ ತುಂಡನ್ನು ಮುರಿದು ನೋಡಿ, ನಡುವಿನ ಮಾಂಸ ಗಾಜಿನ ಹಾಗೆ ಹೊಳೆಯದೆ ಬೆಳ್ಳಗಾಗಿ, ಮುಳ್ಳಿನಿಂದ ಪದರ ಪದರವಾಗಿ ಬಿಡಬೇಕು. ತವೆ ಮೇಲೆ ಹುರಿಯುವಾಗ ಉರಿ ಜೋರು ಇಟ್ಟರೆ ಮಸಾಲೆ ಸೀದು ಒಳಗೆ ಹಸಿ ಉಳಿಯುತ್ತದೆ, ಸಣ್ಣ ಉರಿ ಸಾಕು. ಉಪ್ಪು, ನಿಂಬೆಹುಳಿ, ಬಿಸಿಲಿಗೆ ಒಣಗಿಸುವುದು, ಹೊಗೆ, ಇವುಗಳನ್ನು ನಂಬಬೇಡಿ. ಒಣಮೀನನ್ನೂ ಸರಿಯಾಗಿ ಬೇಯಿಸಿ. ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಹುಳು ಸಾಯುತ್ತದೆ, ಆದರೆ ಕರೆಂಟು ಹೋಗಿ ಬರುವ ಊರಿನ ಮನೆ ಫ್ರಿಜ್ಜು ಅಷ್ಟು ತಣ್ಣಗೆ ಉಳಿಯುವುದಿಲ್ಲ. ಹಸಿ ಮೀನು ಕೊಯ್ದ ಚಾಕು, ಹಲಗೆಯಲ್ಲೇ ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚಬೇಡಿ.

ಬಲೆ ಹಾಕಲು ರಾತ್ರಿ ಹಿನ್ನೀರಿನಲ್ಲೇ ಉಳಿಯುವವರು ನೀರಿನ ದಂಡೆಯಲ್ಲಿ ಬಯಲಿಗೆ ಕೂರಬಾರದು, ನೀರು ಏರಿದಾಗ ಮುಳುಗದಷ್ಟು ಮೇಲಕ್ಕೆ ಹೋಗಿ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಮೀನು ಸಾಕುವ ಹೊಂಡಕ್ಕೆ ಶೌಚಾಲಯದ ನೀರು ಬಿಡಬಾರದು.

ಆಸ್ಪತ್ರೆಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ತೊಂದರೆ ಶುರುವಾದದ್ದು ಯಾವಾಗ, ಹಸಿ ಮೀನು, ಏಡಿ, ನೀರಿನಂಚಿನ ಸೊಪ್ಪು ತಿಂದದ್ದುಂಟಾ, ಯಾವ ಊರು ರಾಜ್ಯಗಳಲ್ಲಿ ಇದ್ದು ಬಂದಿರಿ, ಈಗಾಗಲೇ ನುಂಗಿದ ಗುಳಿಗೆಯ ಖಾಲಿ ಹಾಳೆ. ದನಕ್ಕಾದರೆ ಮೇಯ್ದ ಜಾಗ, ಗಬ್ಬ ಎಷ್ಟು ತಿಂಗಳು, ಹಾಲು ಎಷ್ಟಿತ್ತು ಎಷ್ಟಾಯಿತು, ಹಿಂದಿನ ಸಲ ಕೊಟ್ಟ ಔಷಧಿಯ ಬಾಟಲಿ. ಔಷಧಿ ಮುಗಿದ ಮೇಲೆ ಮಲವನ್ನೋ ಸಗಣಿಯನ್ನೋ ಇನ್ನೊಮ್ಮೆ ಪರೀಕ್ಷೆಗೆ ಕೊಡುವ ದಿನವನ್ನು ಡಾಕ್ಟರ ಹತ್ತಿರವೇ ಆ ಚೀಟಿಯ ಹಿಂದೆ ಬರೆಸಿಕೊಂಡು ಬನ್ನಿ.